ಮಹಾಸಭೆಯ ತಿಂಗಳಲ್ಲಿ ನಿಂತ ಪಿಗ್ಮಿ: ನೋಡ್ ವರ್ಕರ್ ಥ್ರೆಡ್‌ನ ಒಂದು ಪ್ರಕರಣ

ಮೊದಲ ದೂರು ಬಂದಾಗ ಅದಕ್ಕೂ ಪಿಡಿಎಫ್‌ಗೂ ನಂಟಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಹಾವೇರಿ ಕಡೆಯ ಒಂದು ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಫೋನ್ ಮಾಡಿದ್ದರು. "ಸರ, ಒಮ್ಮೆ ಕಟ್ಟಿದ ರೊಕ್ಕ ಎರಡು ಸಲ ಬಿದ್ದೈತ್ರಿ. ಕಿರಾಣಿ ಅಂಗಡಿಯವರು ಎರಡೂ ಮೆಸೇಜ್ ಹಿಡ್ಕೊಂಡು ಇಲ್ಲೇ ಬಂದು ಕುಂತಾರ." ಅಂಗಡಿಯವರು ಸಂಭಾವಿತರು. ತಮ್ಮ ಪಿಗ್ಮಿ ಖಾತೆಗೆ 200 ರೂಪಾಯಿ ಹೆಚ್ಚಿಗೆ ಬಿದ್ದದ್ದನ್ನು ತಾವೇ ಬಂದು ಹೇಳಿದ್ದರು. ಕಡಿಮೆ ಬಿದ್ದರೆ ಎಲ್ಲರೂ ಬರುತ್ತಾರೆ, ಹೆಚ್ಚಿಗೆ ಬಿದ್ದರೆ ಬರುವವರು ಅಪರೂಪ. ಹಾಗಾಗಿ ಬಂದವರ ಹಿಂದೆ ಬಾರದವರು ಎಷ್ಟಿದ್ದಾರೋ ಎಂಬ ಚಿಂತೆ ಆಗಲೇ ಶುರುವಾಯಿತು.

ಅದೇ ವಾರ ದಾವಣಗೆರೆ ಕಡೆಯ ಇನ್ನೊಂದು ಸಂಘದಿಂದ ಬೇರೆಯದೇ ದೂರು. ಮಹಾಸಭೆಗೆ ಸದಸ್ಯರ ಲೆಕ್ಕಪತ್ರ ಮುದ್ರಿಸಬೇಕು, ಗುಂಡಿ ಒತ್ತಿದರೆ ಚಕ್ರ ತಿರುಗುತ್ತದೆ, ಆಮೇಲೆ ಲಾಗಿನ್ ಪುಟವೇ ಬರುತ್ತದೆ, ಪಿಡಿಎಫ್ ಮಾತ್ರ ಬರುವುದಿಲ್ಲ. ಚಿಕ್ಕ ಸಂಘಗಳಿಗೆ ಬರುತ್ತಿತ್ತು, ದೊಡ್ಡವಕ್ಕೆ ಬರುತ್ತಿರಲಿಲ್ಲ.

ಎರಡಕ್ಕೂ ಬೇರು ಒಂದೇ. ಅದು ತಿಳಿಯಲು ನಮಗೆ ನಾಲ್ಕು ದಿನ ಹಿಡಿಯಿತು, ಸರಿಪಡಿಸಲು ಇನ್ನೂ ಎರಡು ವಾರ. ಹಾದಿಯಲ್ಲಿ ಎಡವಿದ್ದೇ ಹೆಚ್ಚು. ಆ ಎಡವಟ್ಟುಗಳನ್ನು ಬಿಟ್ಟು ಕೊನೆಯ ಕೋಡ್ ಮಾತ್ರ ತೋರಿಸಿದರೆ ಯಾರಿಗೂ ಪ್ರಯೋಜನವಿಲ್ಲ ಎಂದು ಎಲ್ಲವನ್ನೂ ಬರೆಯುತ್ತಿದ್ದೇನೆ.

ಹಿನ್ನೆಲೆ

ನಾವು ಇಬ್ಬರೇ. ಪತ್ತಿನ ಸಂಘಗಳಿಗೆ ಲೆಕ್ಕದ ತಂತ್ರಾಂಶ ಮಾಡಿಕೊಡುವ ಪುಟ್ಟ ತಂಡ. ಸಂಘದ ಕಚೇರಿಯಲ್ಲಿ ಕಾರ್ಯದರ್ಶಿ, ಗುಮಾಸ್ತರು ಬ್ರೌಸರ್‌ನಲ್ಲಿ ಕೆಲಸ ಮಾಡುತ್ತಾರೆ. ಪಿಗ್ಮಿ ಏಜೆಂಟರು ಬೀದಿಯಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗಿ ದಿನದ ಉಳಿತಾಯ ವಸೂಲಿ ಮಾಡಿ ಮೊಬೈಲ್ ಆ್ಯಪ್‌ನಲ್ಲಿ ನಮೂದಿಸುತ್ತಾರೆ. (ಪಿಗ್ಮಿ ನಮ್ಮ ನೆಲದ್ದೇ ಪದ್ಧತಿ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಮನೆಬಾಗಿಲಿಗೆ ಹೋಗಿ ಆಣೆಗಳ ಲೆಕ್ಕದಲ್ಲಿ ಹಣ ಸಂಗ್ರಹಿಸಲು ಶುರುಮಾಡಿದ್ದು. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಪಿಗ್ಮಿ ಎಂಬ ಮಾತು ಮಾತ್ರ ಊರೂರಿನ ಸಂಘಗಳಲ್ಲಿ ಉಳಿದಿದೆ.)

ಈ ಎರಡೂ ಬಗೆಯ ಕೆಲಸಕ್ಕೆ ಸರ್ವರ್ ಒಂದೇ. ಜಾವಾಸ್ಕ್ರಿಪ್ಟನ್ನು ಸರ್ವರ್‌ನಲ್ಲಿ ಓಡಿಸುವ ನೋಡ್ ಜೆಎಸ್, ಅದರ ಮೇಲೆ ಎಕ್ಸ್‌ಪ್ರೆಸ್ ಎಂಬ ವೆಬ್ ಚೌಕಟ್ಟು, ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ನಾಲ್ಕು ಕೋರ್‌ನ ಯಂತ್ರದಲ್ಲಿ ಎರಡು ಸಿಪಿಯು ಮಿತಿ ಹಾಕಿದ ಒಂದು ಕಂಟೇನರ್ (ತಂತ್ರಾಂಶವನ್ನು ಪ್ರತ್ಯೇಕವಾಗಿ ಓಡಿಸುವ ಡಬ್ಬಿ), ಅದರೊಳಗೆ ಒಂದೇ ಪ್ರೊಸೆಸ್, ಅಂದರೆ ಓಡುತ್ತಿರುವ ಒಂದು ಪ್ರೋಗ್ರಾಂ. ವರ್ಷದ ಹನ್ನೊಂದು ತಿಂಗಳು ಇಷ್ಟು ಸಾಕೋ ಸಾಕು. ಸೆಪ್ಟೆಂಬರ್ ಬಂದರೆ ಮಹಾಸಭೆಗಳ ಸುಗ್ಗಿ. ಪ್ರತಿ ಸಂಘಕ್ಕೂ ಎಲ್ಲ ಸದಸ್ಯರ ಷೇರು, ಠೇವಣಿ, ಸಾಲ, ಲಾಭಾಂಶದ ಲೆಕ್ಕ ಸದಸ್ಯರಿಗೊಂದು ಪುಟದಂತೆ ಒಂದೇ ಪಿಡಿಎಫ್‌ನಲ್ಲಿ ಬೇಕು, ಅದು ನೇರ ಪ್ರೆಸ್ಸಿಗೆ ಹೋಗುತ್ತದೆ. ಆ ಪುಟಗಳೆಲ್ಲ ಕನ್ನಡದಲ್ಲಿ. ಈ ಕೊನೆಯ ಮಾತು ನೆನಪಿರಲಿ, ಮುಂದೆ ಬರುತ್ತದೆ.

25 ಶೇಕಡಾದ ಮೋಸ

ಮೊದಲು ಸಂಶಯ ಬಿದ್ದದ್ದು ಡೇಟಾಬೇಸ್ ಮೇಲೆ. ನಿಧಾನ ಎಂದ ಕೂಡಲೇ ಡೇಟಾಬೇಸನ್ನು ಹಿಡಿದು ಬಡಿಯುವುದು ನಮ್ಮ ಕಸುಬಿನ ರೂಢಿ. ಯಂತ್ರದ ಸಿಪಿಯು ಗ್ರಾಫ್ ನೋಡಿದರೆ 25ರ ಆಸುಪಾಸು ನೆಟ್ಟಗೆ ಒಂದು ಗೆರೆ. ಮುಕ್ಕಾಲು ಪಾಲು ಯಂತ್ರ ಖಾಲಿ ಕೂತಿದೆ, ಅಂದಮೇಲೆ ಸಿಪಿಯು ತೊಂದರೆ ಅಲ್ಲ ಎಂದು ಇಬ್ಬರೂ ಒಪ್ಪಿದೆವು. ಎರಡು ದಿನ ಬೇಗ ಹುಡುಕಲೆಂದು ಇಂಡೆಕ್ಸ್ ಹಾಕುವುದು, ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ತಿದ್ದುವುದು. ಕ್ವೆರಿ ಎರಡು ಸೆಕೆಂಡಿನೊಳಗೆ ಮುಗಿಯುತ್ತಿತ್ತು, ಆದರೂ ಪಿಡಿಎಫ್ ಬರದು.

ನಾಲ್ಕು ಕೋರ್‌ನ ಯಂತ್ರದಲ್ಲಿ 25 ಶೇಕಡಾ ಎಂದರೆ ಒಂದು ಕೋರ್ ಪೂರ್ತಿ ದುಡಿಯುತ್ತಿದೆ, ಮೂರು ಸುಮ್ಮನಿವೆ ಎಂದರ್ಥ. ಏರಿಳಿತವಿಲ್ಲದೆ ಗೆರೆ ಎಳೆದಂತೆ ಇದ್ದುದೇ ಸುಳಿವಾಗಬೇಕಿತ್ತು. ನಿಜವಾಗಿ ಬಿಡುವಾಗಿರುವ ಸರ್ವರ್‌ನ ಗ್ರಾಫ್ ಅಷ್ಟು ಸಪಾಟಾಗಿರುವುದಿಲ್ಲ. ನೋಡ್ ಪ್ರೊಸೆಸ್‌ನಲ್ಲಿ ನಾವು ಬರೆದ ಜಾವಾಸ್ಕ್ರಿಪ್ಟ್ ಓಡುವುದು ಒಂದೇ ಥ್ರೆಡ್‌ನಲ್ಲಿ (ಆದೇಶಗಳನ್ನು ಒಂದರ ಹಿಂದೊಂದು ನಡೆಸುವ ಒಂದು ಎಳೆ), ಆ ಥ್ರೆಡ್ ಒಂದು ಹೊತ್ತಿಗೆ ಒಂದೇ ಕೋರ್ ಬಳಸಬಲ್ಲದು. ಇದು ನಮಗಿಬ್ಬರಿಗೂ ಗೊತ್ತಿಲ್ಲದ ಸಂಗತಿಯಲ್ಲ, ಸಂದರ್ಶನದಲ್ಲಿ ಬೇರೆಯವರನ್ನು ಕೇಳಿದ್ದೇವೆ ಕೂಡ.

ಸಂಘದ ಕೌಂಟರ್‌ನಲ್ಲೇ ಇದನ್ನು ನೋಡಬಹುದು. ಕೌಂಟರ್‌ನಲ್ಲಿ ಒಬ್ಬರೇ ಗುಮಾಸ್ತರು. ಯಾರೋ ಚೆಕ್ ಕೊಟ್ಟರೆ ಒಳಗೆ ಮ್ಯಾನೇಜರ್ ಸಹಿಗೆ ಕಳಿಸಿ, ಅದು ಬರುವಷ್ಟರಲ್ಲಿ ಮುಂದಿನವರ ಕೆಲಸ ನೋಡುತ್ತಾರೆ. ನೋಡ್‌ನ ಇವೆಂಟ್ ಲೂಪ್ ಮಾಡುವುದೂ ಇಷ್ಟೆ: ಡೇಟಾಬೇಸ್‌ಗೆ ಕೇಳಿ ಕಳಿಸಿ, ಉತ್ತರ ಬರುವ ತನಕ ಬೇರೆಯವರ ಕೆಲಸ. 2009ರಲ್ಲಿ ರಯಾನ್ ಡಾಲ್ ನೋಡ್ ಕಟ್ಟಿದ್ದೇ ಈ ಕಾಯುವ ಹೊತ್ತನ್ನು ಹಾಳುಮಾಡಬಾರದೆಂದು. ಆದರೆ ಅದೇ ಗುಮಾಸ್ತರ ಕೈಗೆ 1,800 ಸದಸ್ಯರ ಲೆಜರ್ ಕೊಟ್ಟು ಕೈಯಿಂದಲೇ ನಕಲು ಮಾಡಿಕೊಡಿ ಅಂದರೆ, ಅಲ್ಲಿ ಯಾವುದಕ್ಕೂ ಕಾಯುವುದಿಲ್ಲ, ಬರೀ ಬರೆಯುವುದು. ಸರದಿ ರಸ್ತೆಗೆ ಬರುತ್ತದೆ.

ನಿಂತ ಲೂಪನ್ನು ಅಳೆಯುವುದು

ಮೂರನೆಯ ದಿನ ಇವೆಂಟ್ ಲೂಪ್ ಎಷ್ಟು ತಡವಾಗುತ್ತಿದೆ ಎಂದು ಅಳೆಯುವ ಉಪಕರಣ ಹಾಕಿದೆವು. ನೋಡ್‌ನ ಒಳಗೇ ಅದಕ್ಕೊಂದು ಸೌಲಭ್ಯವಿದೆ, ಹೊರಗಿನಿಂದ ಏನೂ ತರಬೇಕಿಲ್ಲ. ಅತಿ ಹೆಚ್ಚು ತಡ ಎಂಬ ಜಾಗದಲ್ಲಿ 2,400 ಕೋಟಿಯಷ್ಟು ದೊಡ್ಡ ಸಂಖ್ಯೆ ಕಂಡಾಗ ಉಪಕರಣವೇ ಕೆಟ್ಟಿದೆ ಅಂದುಕೊಂಡೆ. ಅದು ನ್ಯಾನೊಸೆಕೆಂಡ್‌ಗಳಲ್ಲಿ ಕೊಡುತ್ತದೆ. ಸೆಕೆಂಡಿಗೆ ಇಳಿಸಿದರೆ 24. ಹಾವೇರಿಯ ಸಂಘದಲ್ಲಿ ಸುಮಾರು 800 ಸದಸ್ಯರು, ಪುಟಕ್ಕೆ 30 ಮಿಲಿಸೆಕೆಂಡ್‌ನಂತೆ ಹಿಡಿದರೆ ಸರಿಯಾಗಿ 24 ಸೆಕೆಂಡ್. ಆ 24 ಸೆಕೆಂಡ್ ನಮ್ಮ ಸರ್ವರ್ ಯಾರ ಮಾತನ್ನೂ ಕೇಳಿಸಿಕೊಂಡಿಲ್ಲ.

ಅಲ್ಲಿಂದ ಎರಡೂ ದೂರುಗಳು ತಾವಾಗಿ ಬಿಚ್ಚಿಕೊಂಡವು.

ಮೊಬೈಲ್ ಆ್ಯಪ್ 15 ಸೆಕೆಂಡ್ ಕಾದು ಉತ್ತರ ಬರದಿದ್ದರೆ ತಾನೇ ಮತ್ತೊಮ್ಮೆ ಕಳಿಸುತ್ತಿತ್ತು. ನೆಟ್‌ವರ್ಕ್ ಸರಿಯಿಲ್ಲದ ಊರುಗಳಿಗೆಂದು ನಾನೇ ಹಾಕಿದ್ದ ವ್ಯವಸ್ಥೆ. ನಾನು ಮರೆತದ್ದೇನೆಂದರೆ, ಲೂಪ್ ನಿಂತಿದ್ದರೂ ಬಂದ ಕೋರಿಕೆ ಕಳೆದುಹೋಗುವುದಿಲ್ಲ. ಆಪರೇಟಿಂಗ್ ಸಿಸ್ಟಮ್ ಅದನ್ನು ಇಸಿದುಕೊಂಡು ಸಾಕೆಟ್‌ನಲ್ಲಿ (ಆ ಸಂಪರ್ಕದ ಅಂಚೆಪೆಟ್ಟಿಗೆ ಎನ್ನಿ) ಇಟ್ಟಿರುತ್ತದೆ. ಆ್ಯಪ್ ಕಾದು ಬೇಸತ್ತು ಸಂಪರ್ಕ ಮುಚ್ಚಿದರೂ ಕಳಿಸಿದ ಅಕ್ಷರಗಳು ಅಲ್ಲೇ ಇರುತ್ತವೆ. 24ನೇ ಸೆಕೆಂಡಿಗೆ ಲೂಪ್ ಬಿಡುವಾದಾಗ ಮೊದಲ ಕೋರಿಕೆಯನ್ನೂ ಓದಿತು, ಎರಡನೆಯದನ್ನೂ ಓದಿತು, ಎರಡನ್ನೂ ನಿಷ್ಠೆಯಿಂದ ಖಾತೆಗೆ ಹಾಕಿತು. ಕಿರಾಣಿ ಅಂಗಡಿಯವರಿಗೆ ಎರಡು ಮೆಸೇಜ್.

ದಾವಣಗೆರೆಯದ್ದು 1,800 ಸದಸ್ಯರ ಸಂಘ. ಲೆಕ್ಕ ಹಾಕಿದರೆ 54 ಸೆಕೆಂಡ್. ಕಂಟೇನರ್‌ನ ಆರೋಗ್ಯ ತಪಾಸಣೆ ಹತ್ತು ಸೆಕೆಂಡಿಗೊಮ್ಮೆ ಬಂದು ಬದುಕಿದ್ದೀಯಾ ಎಂದು ಕೇಳುತ್ತದೆ. ಮೂರು ಸಲ ಉತ್ತರ ಬಾರದಿದ್ದರೆ ಸತ್ತಿದೆ ಎಂದು ತೀರ್ಮಾನಿಸಿ ಪ್ರೊಸೆಸ್ ಕೊಂದು ಹೊಸದನ್ನು ಎಬ್ಬಿಸುತ್ತದೆ. ಅಂದರೆ ಸಾವಿರಕ್ಕೂ ಹೆಚ್ಚು ಪುಟ ಬರೆದು ಮುಗಿಸಿದ್ದ ಸರ್ವರನ್ನು ನಾವೇ ಸಾಯಿಸುತ್ತಿದ್ದೆವು. ಕಾರ್ಯದರ್ಶಿ ಮತ್ತೆ ಲಾಗಿನ್ ಆಗಿ ಮತ್ತೆ ಗುಂಡಿ ಒತ್ತುತ್ತಿದ್ದರು, ಮತ್ತೆ ಸಾವು. ಇನ್ನೂ ಕೆಟ್ಟದ್ದೆಂದರೆ, ಕೊಲ್ಲಲ್ಪಟ್ಟ ಪ್ರೊಸೆಸ್‌ಗೆ ತನ್ನ ತಡವನ್ನು ಲಾಗ್‌ನಲ್ಲಿ ಬರೆಯಲೂ ಬಿಡುವಿರಲಿಲ್ಲ, ಬರೆಯುವ ಕೋಡ್ ಓಡಬೇಕಾದದ್ದೂ ಅದೇ ನಿಂತ ಲೂಪ್‌ನಲ್ಲೇ ತಾನೆ. ಹಾಗಾಗಿ ಅತಿ ದೊಡ್ಡ ಅನಾಹುತದ ಗುರುತು ಲಾಗ್‌ನಲ್ಲಿ ಒಂದು ಸಾಲೂ ಇರಲಿಲ್ಲ. ಸಾಕ್ಷಿ ಸಿಕ್ಕಿದ್ದು ಬದುಕಿ ಉಳಿದ ಚಿಕ್ಕ ಸಂಘಗಳಿಂದ.

ಪುಟಕ್ಕೆ 30 ಮಿಲಿಸೆಕೆಂಡ್ ಯಾಕೆ?

ಪರೀಕ್ಷೆ ಮಾಡುವಾಗ ಇಷ್ಟು ನಿಧಾನ ಇರಲಿಲ್ಲ ಎಂದು ಗೆಳೆಯ ಹಟ ಹಿಡಿದ. ಅವನು ಹೇಳಿದ್ದು ನಿಜ. ಅವನು ಇಂಗ್ಲಿಷ್ ಮಾದರಿ ದತ್ತಾಂಶದಲ್ಲಿ, ಹೆಲ್ವೆಟಿಕಾದಲ್ಲಿ ಪರೀಕ್ಷಿಸಿದ್ದ. ಪಿಡಿಎಫ್ ಬರೆಯಲು ನಾವು ಬಳಸುವ ಪಿಡಿಎಫ್‌ಕಿಟ್ ಎಂಬ ಲೈಬ್ರರಿಯಲ್ಲಿ (ಸಿದ್ಧ ಕೋಡ್‌ನ ಕಟ್ಟು) ಹೆಲ್ವೆಟಿಕಾದಂಥ ಪ್ರಮಾಣಿತ ಫಾಂಟ್‌ಗಳಿಗೆ ಅಕ್ಷರದ ಅಗಲಗಳ ಸಿದ್ಧ ಕೋಷ್ಟಕ ಇರುತ್ತದೆ, ಕೂಡಿಸಿದರೆ ಆಯಿತು. ಕನ್ನಡಕ್ಕೆ ನೋಟೊ ಸಾನ್ಸ್ ಕನ್ನಡ ಫಾಂಟ್ ಕೊಟ್ಟ ಕೂಡಲೇ ಕೆಲಸ ಫಾಂಟ್‌ಕಿಟ್ ಎಂಬ ಇನ್ನೊಂದು ಲೈಬ್ರರಿಗೆ ಹೋಗುತ್ತದೆ, ಅದು ಪೂರ್ತಿ ಜಾವಾಸ್ಕ್ರಿಪ್ಟ್.

ಅದರ ಪಾಡು ಏನೆಂದು ನೋಡಲು 'ಕರ್ನಾಟಕ' ಎಂಬ ಒಂದು ಪದ ಸಾಕು. ಯೂನಿಕೋಡ್‌ನಲ್ಲಿ 'ರ್ನಾ' ಎಂಬುದು ರ, ಹಲಂತ, ನ, ಆಕಾರದ ಚಿಹ್ನೆ ಎಂದು ಸಾಲಾಗಿ ಇರುತ್ತದೆ. ಕಾಗದದ ಮೇಲೆ ಮೊದಲು 'ನಾ' ಬರಬೇಕು, ರಕಾರ ಅರ್ಕಾವೊತ್ತಾಗಿ ಅದರ ಬಲಕ್ಕೆ ಹೋಗಬೇಕು. ಅಕ್ಷರಗಳನ್ನು ಗುಂಪು ಮಾಡುವುದು, ಸ್ಥಾನ ಬದಲಿಸುವುದು, ಫಾಂಟ್‌ನ ನಿಯಮಗಳ ಪ್ರಕಾರ ಒತ್ತಕ್ಷರದ ರೂಪ ಹುಡುಕುವುದು, ಜಾಗ ಹೊಂದಿಸುವುದು, ಇಷ್ಟೂ ಪ್ರತಿ ತುಣುಕಿಗೂ ಆಗಬೇಕು. ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಗುತ್ತದೆಂದು ಹೇಳುವ ಪ್ರೊಫೈಲ್ ತೆಗೆದು ನೋಡಿದರೆ ಸಿಪಿಯುವಿನ ಬಹುಪಾಲು ಹೊತ್ತು ಈ ಅಕ್ಷರ ಜೋಡಣೆಯಲ್ಲೇ. ಜೊತೆಗೆ ನಮ್ಮದೇ ಒಂದು ಪೆದ್ದುತನ: ಕೋಷ್ಟಕದ ಪ್ರತಿ ಕೋಶದ ಎತ್ತರವನ್ನು ಮೂರು ಬೇರೆ ಬೇರೆ ಕಡೆ ಮೂರು ಸಲ ಅಳೆಯುತ್ತಿದ್ದೆವು. ಅದನ್ನು ಆಮೇಲೆ ನೋಡೋಣ ಎಂದು ಬದಿಗಿಟ್ಟೆವು. ಬದಿಗಿಡಬಾರದಿತ್ತು.

ಕೆಲಸಕ್ಕೆ ಬಾರದ ಮೂರು ಮದ್ದು

ಗೆಳೆಯ ಮೊದಲು ಮಾಡಿದ್ದು ಪಿಡಿಎಫ್ ಬರೆಯುವ ಫಂಕ್ಷನ್ ಮುಂದೆ ಅಸಿಂಕ್ ಎಂದು ಸೇರಿಸಿ, ಪ್ರತಿ ಪುಟಕ್ಕೂ ಒಂದು ಅವೇಟ್ (ಉತ್ತರ ಬರುವ ತನಕ ಕಾಯಬೇಕೆಂಬ ಸೂಚನೆ) ಹಾಕಿದ್ದು. ಏನೂ ಬದಲಾಗಲಿಲ್ಲ. ಅಸಿಂಕ್ ಎಂಬುದು ಕೆಲಸವನ್ನು ಬೇರೆ ಥ್ರೆಡ್‌ಗೆ ಕಳಿಸುವುದಿಲ್ಲ. ಆಗಲೇ ಮುಗಿದಿರುವ ಪ್ರಾಮಿಸ್‌ಗೆ (ಮುಂದೆ ಬರಲಿರುವ ಉತ್ತರದ ಚೀಟಿ) ಅವೇಟ್ ಮಾಡಿದರೆ ಲೂಪ್ ಒಂದು ಸುತ್ತೂ ಮುಂದೆ ಹೋಗುವುದಿಲ್ಲ. ಅವೇಟ್‌ನ ನಂತರ ಉಳಿದ ತುಣುಕು ಕೆಲಸಗಳ, ಅಂದರೆ ಮೈಕ್ರೋಟಾಸ್ಕ್‌ಗಳ ಸಾಲು ಖಾಲಿಯಾಗುವ ತನಕ ಸಾಕೆಟ್‌ಗಳ ಕಡೆ ನೋಡುವುದೇ ಇಲ್ಲ. ಕೌಂಟರ್‌ನಲ್ಲಿ 'ಸ್ವಲ್ಪ ತಾಳಿ' ಎಂಬ ಫಲಕ ಹಾಕಿ ಬರೆಯುವುದನ್ನು ಮುಂದುವರಿಸಿದ ಹಾಗೆ.

ಎರಡನೆಯದು ನನ್ನ ಐಡಿಯಾ. ನೋಡ್‌ನ ಒಳಗೆ ಲಿಬ್‌ಯುವಿ ಎಂಬ ಲೈಬ್ರರಿಯಿದೆ, ಅದಕ್ಕೆ ಸ್ವಂತ ಥ್ರೆಡ್‌ಗಳ ಗುಂಪಿದೆ, ಮಾಮೂಲಿಗೆ ನಾಲ್ಕು. ಅದನ್ನು ಹದಿನಾರು ಮಾಡಿದೆ. ಅದೂ ವ್ಯರ್ಥ. ಆ ಗುಂಪು ಕಡತ ಓದುವುದು, ಹೆಸರಿನಿಂದ ಐಪಿ ಹುಡುಕುವುದು, ಪಾಸ್‌ವರ್ಡ್ ಹ್ಯಾಶ್‌ನಂಥ ಕೆಲವು ಕ್ರಿಪ್ಟೊ ಕೆಲಸ, ಜಿಪ್ ಮಾಡುವುದು ಇಂಥ ಒಳಗಿನ ಸಿ ಕೋಡ್‌ಗೆ ಮೀಸಲು. ನಾವು ಬರೆದ ಜಾವಾಸ್ಕ್ರಿಪ್ಟ್‌ಗೆ ಅಲ್ಲಿ ಪ್ರವೇಶವಿಲ್ಲ.

ಮೂರನೆಯದು ನಾಲ್ಕು ಪ್ರೊಸೆಸ್ ಎಬ್ಬಿಸುವ ಕ್ಲಸ್ಟರ್. ಇದನ್ನು ಮಾಡಲಿಲ್ಲ, ಮಾತಾಡಿ ಬಿಟ್ಟೆವು. ನಾಲ್ಕರಲ್ಲಿ ಒಂದು ನಿಂತರೆ ಅದರ ಪಾಲಿಗೆ ಬಿದ್ದ ಏಜೆಂಟರು ಆಗಲೂ ನಿಲ್ಲುತ್ತಾರೆ, ದೂರು ಕಾಲುಭಾಗಕ್ಕೆ ಇಳಿಯುತ್ತದೆ ಅಷ್ಟೆ. ನಾಲ್ಕು ಜನರಲ್ಲಿ ಒಬ್ಬರಿಗೆ ಮಾತ್ರ ಎರಡು ಸಲ ಬೀಳುತ್ತದೆ ಎಂದು ಯಾವ ಕಾರ್ಯದರ್ಶಿಗೆ ಹೇಳುವುದು?

ಅಂದು ರಾತ್ರಿ ಪ್ರಥಮ ಚಿಕಿತ್ಸೆಯಾಗಿ ಎರಡು ಕೆಲಸ ಮಾಡಿದೆವು. ಹತ್ತು ಪುಟಕ್ಕೊಮ್ಮೆ ಸೆಟ್‌ಇಮ್ಮೀಡಿಯೇಟ್ ಬಳಸಿ ಲೂಪ್‌ಗೆ ನಿಜವಾದ ಬಿಡುವು ಕೊಟ್ಟೆವು. ಇದು ಅವೇಟ್‌ನಂತಲ್ಲ, ಲೂಪ್ ಒಂದು ಪೂರ್ತಿ ಸುತ್ತು ಹೋಗಿ ಬರುತ್ತದೆ. 54 ಸೆಕೆಂಡಿನ ಒಂದು ಇಡೀ ತಡೆ 300 ಮಿಲಿಸೆಕೆಂಡಿನ ತುಣುಕುಗಳಾಯಿತು, ಸರ್ವರ್ ಸಾಯುವುದು ನಿಂತಿತು. ಜೊತೆಗೆ, ಆ್ಯಪ್ ಪ್ರತಿ ವಸೂಲಿಗೂ ತನ್ನದೇ ಒಂದು ವಿಶಿಷ್ಟ ಸಂಖ್ಯೆ ಕಳಿಸುವಂತೆ, ಡೇಟಾಬೇಸ್ ಅದೇ ಸಂಖ್ಯೆಯನ್ನು ಎರಡನೇ ಸಲ ಒಪ್ಪದಂತೆ ಮಾಡಿದೆವು. ಎರಡು ಸಲ ಬೀಳುವ ರೋಗಕ್ಕೆ ನಿಜವಾದ ಮದ್ದು ಇದೇ, ವರ್ಕರ್ ಥ್ರೆಡ್ ಅಲ್ಲ. ಸರ್ವರ್ ಎಷ್ಟೇ ಚುರುಕಾದರೂ ನೆಟ್‌ವರ್ಕ್ ಕೈಕೊಡುವ ದಿನ ಇದ್ದೇ ಇದೆ. ಹಣದ ವ್ಯವಹಾರದಲ್ಲಿ ಇದು ಮೊದಲ ದಿನದಿಂದ ಇರಬೇಕಿತ್ತು, ಇರಲಿಲ್ಲ. ತಪ್ಪು ನನ್ನದು.

ಆದರೂ ಸಮಾಧಾನವಾಗಲಿಲ್ಲ. ಒಂದು ಪಿಗ್ಮಿ ನಮೂದಿಗೆ ಡೇಟಾಬೇಸ್ ಜೊತೆ ಐದು ಸಲ ಮಾತಾಡಬೇಕು. ಪ್ರತಿ ಸಲ ಉತ್ತರ ಬಂದಾಗಲೂ ಪಿಡಿಎಫ್‌ನ 300 ಮಿಲಿಸೆಕೆಂಡ್ ಹಿಂದೆ ನಿಲ್ಲಬೇಕು, ಒಟ್ಟು ಒಂದೂವರೆ ಸೆಕೆಂಡ್. ಮೂರು ಸಂಘಗಳು ಒಟ್ಟಿಗೆ ಒತ್ತಿದರೆ ಅದರ ಮೂರು ಪಟ್ಟು. ಬಿಸಿಲಲ್ಲಿ ಅಂಗಡಿ ಮುಂದೆ ನಿಂತ ಏಜೆಂಟರಿಗೆ ಅದು ಸಣ್ಣ ಹೊತ್ತಲ್ಲ.

ವರ್ಕರ್ ಬಂದದ್ದು, ಜೊತೆಗೆ ಅದರ ಸಾಮಾನು

ನೋಡ್‌ಗೆ ವರ್ಕರ್ ಥ್ರೆಡ್ ಬಂದದ್ದು 2018ರ 10.5 ಆವೃತ್ತಿಯಲ್ಲಿ, ಪ್ರಾಯೋಗಿಕವಾಗಿ. 12ನೇ ಸರಣಿಯಲ್ಲಿ ಅದು ಗಟ್ಟಿಯಾಯಿತು. ಒಂದೇ ಪ್ರೊಸೆಸ್ ಒಳಗೆ ಇನ್ನೊಂದು ಥ್ರೆಡ್, ಅದಕ್ಕೆ ಅದರದೇ ವಿ8 ಎಂಜಿನ್, ಅದರದೇ ಮೆಮೊರಿ, ಅದರದೇ ಇವೆಂಟ್ ಲೂಪ್. ಜಾವಾದವರು ಥ್ರೆಡ್ ಎಂದರೆ ನೆನೆಸಿಕೊಳ್ಳುವಂತೆ ಎಲ್ಲರೂ ಒಂದೇ ವೇರಿಯಬಲ್‌ಗೆ ಕೈ ಹಾಕುವ ವ್ಯವಸ್ಥೆ ಇದಲ್ಲ. ಎರಡು ಥ್ರೆಡ್‌ಗಳ ನಡುವೆ ಗೋಡೆಯಿದೆ, ಗೋಡೆಯಲ್ಲೊಂದು ಕಿಂಡಿಯಿದೆ, ಸಂದೇಶ ಹೋಗಿಬರುವುದು ಆ ಕಿಂಡಿಯಿಂದ. ನಮ್ಮ ಎರಡು ವಾರದ ಬಹುಪಾಲು ಹೋದದ್ದು ಆ ಕಿಂಡಿಯಲ್ಲಿ ಏನು ತೂರಿಸಬೇಕು, ಏನು ತೂರಿಸಬಾರದು ಎಂದು ತಿಳಿಯುವುದರಲ್ಲೇ.

ಮೊದಲ ಯತ್ನದಲ್ಲಿ ಸದಸ್ಯರ ಪಟ್ಟಿ, ಅವರ ಇಡೀ ವರ್ಷದ ವ್ಯವಹಾರ ಎಲ್ಲವನ್ನೂ ಮೇನ್ ಥ್ರೆಡ್‌ನಲ್ಲಿ (ಮೊದಲಿನಿಂದ ಇದ್ದ ಥ್ರೆಡ್) ಓದಿ ವರ್ಕರ್‌ಗೆ ದಾಟಿಸಿದೆವು. ವರ್ಕರ್ ಮೊದಲ ಪುಟದಲ್ಲೇ ಬಿತ್ತು. ಹಣದ ಮೊತ್ತಗಳನ್ನು ನಾವು ಒಂದು ಸ್ವಂತ ಕ್ಲಾಸ್‌ನಲ್ಲಿ (ದತ್ತಾಂಶವನ್ನೂ ಅದರ ಮೇಲಿನ ಕೆಲಸಗಳನ್ನೂ ಒಟ್ಟಿಗೆ ಕಟ್ಟುವ ಅಚ್ಚು) ಇಟ್ಟಿದ್ದೆವು, ರೂಪಾಯಿ-ಪೈಸೆಯಾಗಿ ತೋರಿಸುವ ವಿಧಾನವೂ ಅದರಲ್ಲೇ ಇತ್ತು. ಕಿಂಡಿ ದಾಟುವಾಗ ವಸ್ತುವಿನ ನಕಲು ಆಗುತ್ತದೆ. ದಿನಾಂಕ, ಮ್ಯಾಪ್ ಇಂಥವು ಸರಿಯಾಗಿ ದಾಟುತ್ತವೆ, ಕ್ಲಾಸ್‌ನಿಂದ ಬಂದ ವಸ್ತು ಮಾತ್ರ ತನ್ನ ವಿಧಾನಗಳನ್ನು ಕಳೆದುಕೊಂಡು ಬರೀ ಅಂಕಿಗಳ ಗಂಟಾಗಿ ಆಚೆ ಬೀಳುತ್ತದೆ. ಫಂಕ್ಷನ್ ಇದ್ದರಂತೂ ದಾಟಿಸುವ ಯತ್ನವೇ ದೋಷ ಎಸೆಯುತ್ತದೆ. ಮೊತ್ತವನ್ನು ಪೈಸೆಯ ಪೂರ್ಣಾಂಕವಾಗಿ ಕಳಿಸಿದೆವು, ಸರಿಹೋಯಿತು.

ಸರಿಹೋದ ಮೇಲೆ ಅಳೆದು ನೋಡಿದರೆ ಲೂಪ್ ಇನ್ನೂ ನಿಲ್ಲುತ್ತಿತ್ತು, ಈ ಸಲ ವರ್ಕರ್‌ಗೆ ಸಂದೇಶ ಕಳಿಸುವ ಕ್ಷಣದಲ್ಲಿ. ಲಕ್ಷಗಟ್ಟಲೆ ನಮೂದುಗಳ ನಕಲು ಮಾಡುವ ಕೆಲಸ ನಡೆಯುವುದು ಮೇನ್ ಥ್ರೆಡ್‌ನಲ್ಲೇ, ಅದೂ ಒಂದೇ ಉಸಿರಿನಲ್ಲಿ. ಭಾರ ಇಳಿಸಲು ಹೋಗಿ ಭಾರ ಕಟ್ಟುವ ಕೆಲಸ ಹೊತ್ತುಕೊಂಡಂತಾಯಿತು. ದತ್ತಾಂಶ ದಾಟಿಸುವುದನ್ನೇ ಬಿಟ್ಟೆವು. ಈಗ ಕಿಂಡಿಯಲ್ಲಿ ಹೋಗುವುದು ಸಂಘದ ಸಂಖ್ಯೆ ಮತ್ತು ಆರ್ಥಿಕ ವರ್ಷ, ಎರಡೇ ಅಂಕಿ. ವರ್ಕರ್ ತಾನೇ ಡೇಟಾಬೇಸ್‌ಗೆ ಹೋಗಿ ಓದಿಕೊಳ್ಳುತ್ತದೆ. ಇಲ್ಲೊಂದು ಎಚ್ಚರ ಬೇಕು: ಡೇಟಾಬೇಸ್ ಸಂಪರ್ಕಗಳು ಥ್ರೆಡ್‌ಗಳ ನಡುವೆ ಹಂಚಿಕೆಯಾಗುವುದಿಲ್ಲ, ಪ್ರತಿ ವರ್ಕರ್ ತನ್ನದೇ ಗುಂಪು ತೆರೆಯುತ್ತದೆ. ನಾವು ಬಳಸುವ ಪೋಸ್ಟ್‌ಗ್ರೆಸ್ ಲೈಬ್ರರಿಯಲ್ಲಿ ಒಂದು ಗುಂಪಿಗೆ ಮಾಮೂಲಿ ಹತ್ತು ಸಂಪರ್ಕಗಳ ತನಕ ಅವಕಾಶ, ಪೋಸ್ಟ್‌ಗ್ರೆಸ್ ಮಾಮೂಲಿಗೆ ಒಪ್ಪುವುದು ಒಟ್ಟು ನೂರು. ವರ್ಕರ್‌ಗೆ ಒಂದೇ ಸಂಪರ್ಕ ಎಂದು ಬಿಗಿ ಮಾಡಿದೆವು.

ವಾಪಸು ಬರುವ ದಾರಿಯಲ್ಲೂ ಒಂದು ಚಿಕ್ಕ ಭಯ ಕಾದಿತ್ತು. ಪಿಡಿಎಫ್‌ನ ಬೈಟ್‌ಗಳನ್ನು ನಕಲು ಮಾಡದೆ ಹಕ್ಕನ್ನೇ ವರ್ಗಾಯಿಸಬಹುದು, ಮನೆಯ ಪಟ್ಟಾ ಬದಲಿಸಿದ ಹಾಗೆ. ಹಾಗೆ ಕಳಿಸಿ, ಕಳಿಸಿದ ಮೇಲೆ ಗಾತ್ರ ಎಷ್ಟೆಂದು ವರ್ಕರ್‌ನಲ್ಲೇ ಲಾಗ್ ಮಾಡಿದೆ. ಪ್ರತಿ ಸಲ ಸೊನ್ನೆ. ಅರ್ಧ ಗಂಟೆ ತಲೆ ಕೆರೆದುಕೊಂಡೆ. ಪಟ್ಟಾ ಬರೆದುಕೊಟ್ಟ ಮೇಲೆ ಹಳೆಯ ಒಡೆಯರ ಹೆಸರಲ್ಲಿ ಏನು ಉಳಿದೀತು? ಕೊನೆಗೆ ಅದನ್ನೂ ಬಿಟ್ಟೆವು. ವರ್ಕರ್ ಪಿಡಿಎಫನ್ನು ಡಿಸ್ಕ್‌ಗೆ ಬರೆದು ಕಡತದ ಹೆಸರನ್ನಷ್ಟೇ ಹೇಳುತ್ತದೆ.

ಎಷ್ಟು ವರ್ಕರ್?

ಮೊದಲ ಆವೃತ್ತಿಯಲ್ಲಿ ಒತ್ತಿದ ಪ್ರತಿ ಗುಂಡಿಗೂ ಒಂದು ಹೊಸ ವರ್ಕರ್. ಪಿಡಿಎಫ್ ಬರಲು ಮೊದಲಿನಷ್ಟೇ ಹೊತ್ತು ಹಿಡಿಯುತ್ತದಲ್ಲ, ಕಾರ್ಯದರ್ಶಿಗಳು ಐದು ಸಲ ಒತ್ತುತ್ತಿದ್ದರು. ಐದು ವರ್ಕರ್, ಐದು ಎಂಜಿನ್, ಐದು ಸಲ ತೆರೆದ ಫಾಂಟ್, ಐದು 1,800 ಪುಟಗಳ ಕಡತ. ಕಂಟೇನರ್ ಮೆಮೊರಿ ಮಿತಿ ದಾಟಿ ಇಡೀ ಪ್ರೊಸೆಸ್ ಉರುಳಿತು. ಪ್ರತಿ ವರ್ಕರ್‌ಗೂ ಮೆಮೊರಿ ಮಿತಿ ಹಾಕಬಹುದು, ಮೀರಿದರೆ ಆ ವರ್ಕರ್ ಮಾತ್ರ ಸಾಯುತ್ತದೆ. ಆದರೆ ಎಲ್ಲರೂ ತಮ್ಮ ಮಿತಿಯೊಳಗಿದ್ದೂ ಒಟ್ಟು ಮೊತ್ತ ಕಂಟೇನರ್‌ನ ಮಿತಿ ಮೀರಿದರೆ ಕೊಲ್ಲುವ ಆಪರೇಟಿಂಗ್ ಸಿಸ್ಟಮ್ ವರ್ಕರ್ ಯಾವುದು, ಮೇನ್ ಯಾವುದು ಎಂದು ವಿಚಾರಿಸುವುದಿಲ್ಲ. ಥ್ರೆಡ್‌ಗಳೆಲ್ಲ ಒಂದೇ ಪ್ರೊಸೆಸ್‌ನ ಮಕ್ಕಳು.

ಹಾಗಾಗಿ ವರ್ಕರ್‌ಗಳ ಒಂದು ಸ್ಥಿರ ಗುಂಪು, ಮುಂದೊಂದು ಸರದಿ. ನೋಡ್‌ನ ಅಧಿಕೃತ ದಾಖಲೆಯೂ ಪ್ರತಿ ಕೆಲಸಕ್ಕೆ ಹೊಸ ವರ್ಕರ್ ಬೇಡ, ಗುಂಪು ಇಟ್ಟುಕೊಳ್ಳಿ ಎನ್ನುತ್ತದೆ. ಅದಕ್ಕೆ ಪಿಸಿನಾ ಎಂಬ ಒಳ್ಳೆಯ ಲೈಬ್ರರಿಯಿದೆ. ನಾವು ಜಂಬಕ್ಕೆ ಸ್ವಂತ ಬರೆದೆವು. ಬರೆದು ಒಂದು ಮುಖ್ಯ ತಪ್ಪು ಮಾಡಿದೆವು: ಕೆಲಸ ಮುಗಿದ ಸಂದೇಶಕ್ಕೆ ಮಾತ್ರ ಕಿವಿಗೊಟ್ಟಿದ್ದೆವು, ವರ್ಕರ್ ಸತ್ತ ಸುದ್ದಿಗೆ ಕೊಟ್ಟಿರಲಿಲ್ಲ. ಒಬ್ಬ ಸದಸ್ಯರ ಸೇರ್ಪಡೆ ದಿನಾಂಕ ಖಾಲಿಯಿತ್ತು, ಅಲ್ಲಿ ದೋಷ ಬಂದು ವರ್ಕರ್ ಸತ್ತಿತು. ಪರದೆಯ ಮೇಲೆ 'ತಯಾರಾಗುತ್ತಿದೆ' ಎಂದು ಮರುದಿನ ಬೆಳಿಗ್ಗೆಯ ತನಕ ಇತ್ತು. ಈಗ ದೋಷ, ನಿರ್ಗಮನ ಎರಡನ್ನೂ ಗಮನಿಸುತ್ತೇವೆ, ಸತ್ತರೆ ಆ ಕೆಲಸಕ್ಕೆ ವಿಫಲ ಎಂದು ಬರೆದು ಹೊಸ ವರ್ಕರ್ ಎಬ್ಬಿಸುತ್ತೇವೆ. ಒಂದೇ ಸಂಘದ ಒಂದೇ ವರ್ಷದ ಕೋರಿಕೆ ಮತ್ತೆ ಬಂದರೆ ಹೊಸ ಕೆಲಸ ಸೇರಿಸದೆ ಹಳೆಯದರ ಸ್ಥಿತಿಯನ್ನೇ ತೋರಿಸುತ್ತೇವೆ. ಎಷ್ಟು ಸಲ ಒತ್ತಿದರೂ ಸರದಿಯಲ್ಲಿ ಜಾಗ ಒಂದೇ.

ಗುಂಪಿನ ಗಾತ್ರ ಎಷ್ಟಿರಬೇಕು? ಕೋರ್‌ಗಳು ಎಷ್ಟು ಎಂದು ನೋಡ್‌ಗೆ ಕೇಳಿ, ಅದರಲ್ಲಿ ಒಂದು ಕಳೆದು ಇಟ್ಟುಕೊಳ್ಳುವುದು ರೂಢಿ. ಕೇಳಿದೆವು, ನಾಲ್ಕು ಎಂದಿತು, ಮೂರು ವರ್ಕರ್ ಇಟ್ಟೆವು. ಮೂರೂ ದುಡಿಯುವಾಗ ಲೂಪ್‌ನ ತಡ ಮತ್ತೆ ತಲೆಯೆತ್ತಿತು. ಮೊದಲಿನಂತೆ ಸೆಕೆಂಡುಗಟ್ಟಲೆ ಅಲ್ಲ, 30 ಮಿಲಿಸೆಕೆಂಡ್‌ನ ಆಸುಪಾಸು. ಆದರೆ ಮೇನ್ ಥ್ರೆಡ್‌ಗೆ ಆಗ ಕೆಲಸವೇ ಇರಲಿಲ್ಲ, ತಡ ಎಲ್ಲಿಂದ ಬರಬೇಕು?

ಇಡೀ ಪ್ರಕರಣದಲ್ಲಿ ನನಗೆ ಅತಿ ಸ್ವಾರಸ್ಯ ಅನ್ನಿಸಿದ ಭಾಗ ಇದು. ನೋಡ್ ಎಣಿಸಿದ್ದು ಯಂತ್ರದ ಕೋರ್‌ಗಳನ್ನು. ನಮ್ಮ ಕಂಟೇನರ್‌ಗೆ ಇದ್ದ ಮಿತಿ ಎರಡು ಸಿಪಿಯು. ಲಿನಕ್ಸ್ ಆ ಮಿತಿಯನ್ನು ಎರಡು ಕೋರ್ ಬೇರೆ ತೆಗೆದಿಟ್ಟು ಕೊಡುವುದಿಲ್ಲ, ಹೊತ್ತಿನ ಪಡಿತರದಂತೆ ಕೊಡುತ್ತದೆ: ಮಾಮೂಲಿಗೆ ಪ್ರತಿ 100 ಮಿಲಿಸೆಕೆಂಡಿಗೆ 200 ಮಿಲಿಸೆಕೆಂಡಿನಷ್ಟು ಸಿಪಿಯು ಹೊತ್ತು. ಮೂರು ವರ್ಕರ್ ಒಟ್ಟಿಗೆ ಮೂರು ಕೋರ್‌ಗಳ ಮೇಲೆ ಓಡಿ ಆ ಪಡಿತರವನ್ನು ಸುಮಾರು 67 ಮಿಲಿಸೆಕೆಂಡಿನಲ್ಲೇ ತಿಂದು ಮುಗಿಸಿದವು. ಉಳಿದ 33 ಮಿಲಿಸೆಕೆಂಡ್ ಇಡೀ ಕಂಟೇನರ್ ಉಪವಾಸ, ಏನೂ ತಿನ್ನದೆ ಕೂತಿದ್ದ ಮೇನ್ ಥ್ರೆಡ್ ಕೂಡ.

ಗುಂಪಿನ ಗಾತ್ರವನ್ನು ನೋಡ್‌ಗೆ ಕೇಳುವುದು ಬಿಟ್ಟು ಕೈಯಿಂದ ಬರೆದೆವು: ಒಂದು. ಎರಡು ಸಿಪಿಯುವಿನಲ್ಲಿ ಒಂದು ಪಿಗ್ಮಿಗೆ, ಒಂದು ಪಿಡಿಎಫ್‌ಗೆ. ಎರಡು ವಾರ ಗುಂಪು, ಸರದಿ ಎಂದು ಗುದ್ದಾಡಿ ಕಟ್ಟಿದ ಗುಂಪಿನಲ್ಲಿ ಇವತ್ತಿಗೂ ಇರುವುದು ಒಂಟಿ ವರ್ಕರ್.

ವೇಗದ ಲೆಕ್ಕ

ವರ್ಕರ್ ಹಾಕಿದ ಮೇಲೆ 1,800 ಪುಟಗಳ ಪಿಡಿಎಫ್‌ಗೆ ಹಿಡಿದ ಹೊತ್ತು ಸುಮಾರು 55 ಸೆಕೆಂಡ್. ಮೊದಲು 54 ಇತ್ತು. ಒಂದು ಚೂರೂ ಬೇಗವಾಗಲಿಲ್ಲ. ಗೆಳೆಯನ ಮುಖ ಸಪ್ಪೆಯಾಯಿತು. ಆದರೆ ಬೇಗ ಆಗಲೆಂದು ನಾವು ಹೊರಟಿರಲಿಲ್ಲವಲ್ಲ. ಪ್ರೆಸ್ಸಿಗೆ ಕಳಿಸುವ ಕಡತ ಒಂದು ನಿಮಿಷ ತಡವಾದರೆ ಯಾರಿಗೂ ನಷ್ಟವಿಲ್ಲ, ಅದರ ಹಿಂದೆ ನಿಂತವರಿಗೆ ತಡವಾಗಬಾರದು. ಪಿಡಿಎಫ್ ಓಡುತ್ತಿರುವಾಗ ಪಿಗ್ಮಿ ನಮೂದಿಗೆ ಈಗ ಹಿಡಿಯುವ ಹೊತ್ತು, ಪಿಡಿಎಫ್ ಇಲ್ಲದಾಗ ಹಿಡಿಯುವಷ್ಟೇ.

ವೇಗ ಬಂದದ್ದು ಬೇರೆ ಕಡೆಯಿಂದ. ಬದಿಗಿಟ್ಟಿದ್ದ ಪೆದ್ದುತನ ನೆನಪಿದೆಯಲ್ಲ, ಪ್ರತಿ ಕೋಶವನ್ನು ಮೂರು ಸಲ ಅಳೆಯುವುದು. ಒಂದು ಸಲ ಅಳೆದು ಇಟ್ಟುಕೊಳ್ಳುವಂತೆ ಮಾಡಿದೆವು, ಒಂದು ಮಧ್ಯಾಹ್ನದ ಕೆಲಸ. 55 ಇದ್ದದ್ದು 30ರ ಹತ್ತಿರಕ್ಕೆ ಬಂತು. ಇದನ್ನೇ ಮೊದಲು ಮಾಡಿದ್ದರೆ ಹಾವೇರಿಯ ಸಂಘದ ತಡೆ ಆ್ಯಪ್‌ನ 15 ಸೆಕೆಂಡಿನೊಳಗೆ ಮುಗಿದು ನಮಗೆ ದೂರೇ ಬರುತ್ತಿರಲಿಲ್ಲವೇನೋ. ಹಾಗಾಗದೆ ಇದ್ದದ್ದೇ ವಾಸಿ, ಇಲ್ಲದಿದ್ದರೆ ರೋಗ ಮುಂದಿನ ಸೆಪ್ಟೆಂಬರ್ ತನಕ ಒಳಗೇ ಕೂತಿರುತ್ತಿತ್ತು.

ಮಾಡದೆ ಉಳಿದದ್ದೂ ಇದೆ. ಹೊಸ ಆವೃತ್ತಿ ಏರಿಸುವಾಗ ಓಡುತ್ತಿರುವ ಪಿಡಿಎಫ್ ಅರ್ಧಕ್ಕೆ ಸಾಯುತ್ತದೆ. ಸರದಿ ಇರುವುದು ಮೆಮೊರಿಯಲ್ಲಿ, ಪ್ರೊಸೆಸ್ ಹೋದರೆ ಸರದಿಯೂ ಹೋಗುತ್ತದೆ. ಸಂಘಗಳು ಹೆಚ್ಚಾದರೆ ಪಿಡಿಎಫ್ ಕೆಲಸವನ್ನು ಬೇರೆ ಪ್ರೊಸೆಸ್‌ಗೆ, ಸರದಿಯನ್ನು ಡೇಟಾಬೇಸ್‌ಗೆ ಸಾಗಿಸಬೇಕು. ಇಬ್ಬರೇ ಇರುವ ತಂಡಕ್ಕೆ ಸೆಪ್ಟೆಂಬರ್ ಮಧ್ಯದಲ್ಲಿ ಅಷ್ಟು ದೊಡ್ಡ ಗಾಡಿ ಕಟ್ಟುವುದು ಆಗದ ಮಾತಾಗಿತ್ತು. ಆ ಹೊತ್ತಿಗೆ ವರ್ಕರ್ ಸರಿಯಾದ ಆಯ್ಕೆಯೇ ಎಂದು ಈಗಲೂ ಅನ್ನಿಸುತ್ತದೆ.

ಎರಡು ಸಲ ಬಿದ್ದ ನಮೂದುಗಳನ್ನು ಹುಡುಕಿ ತೆಗೆಯುವುದು ಕೊನೆಯ ಕೆಲಸ. ಒಂದೇ ಏಜೆಂಟ್, ಒಂದೇ ಖಾತೆ, ಒಂದೇ ಮೊತ್ತ, ಒಂದೇ ನಿಮಿಷ ಎಂದು ಸೋಸಿ, ಒಂದೊಂದನ್ನೂ ಆಯಾ ಕಾರ್ಯದರ್ಶಿಗೆ ತೋರಿಸಿ, ಅವರು ಹೌದೆಂದ ಮೇಲೆ ರಿವರ್ಸ್ ಎಂಟ್ರಿ ಹಾಕಿದೆವು. ಲೆಕ್ಕದಲ್ಲಿ ಅಳಿಸುವುದು ಅಂತಿಲ್ಲ, ತಿರುಗಿಸಿ ಬರೆಯುವುದು ಮಾತ್ರ. ಸಂಜೆಯ ಹೊತ್ತಿಗೆ ಎಲ್ಲ ಮುಗಿಯಿತು ಎಂದು ಚಹಾಕ್ಕೆ ಹೋದೆವು. ಖಾತೆಯಲ್ಲಿ ಯಾವ ನಮೂದು ಬಿದ್ದರೂ ಮೆಸೇಜ್ ಹೋಗುತ್ತದೆ ಎಂಬುದನ್ನು ಇಬ್ಬರೂ ಮರೆತಿದ್ದೆವು. ಮರುದಿನ ಬೆಳಿಗ್ಗೆ ಹಾವೇರಿಯಿಂದ ಫೋನ್: "ಸರ, ಅಂಗಡಿಯವರು ಮತ್ತ ಬಂದಾರ್ರಿ. 200 ರೂಪಾಯಿ ಕಳದೈತಿ ಅಂತ ಮೆಸೇಜ್ ಬಂದೈತಂತ. ಖರೇ ಹೇಳಿದ್ದಕ್ಕ ದಂಡ ಹಾಕೀರೇನು ಅಂತ ಕೇಳಾಕತ್ಯಾರ."